ಮಂಚದ ಮೇಲಿನ ಬ್ರೇಕು

ಸವಾರನ ಕಾಲುಗಳ ವಿಚಾರವನ್ನು ಮೊದಲೇ ಹೇಳಿ ಮುಗಿಸುವುದು ಒಳ್ಳೆಯದು. ಹೊಸಬರು ಯಾರಾದರೂ ಪರಿಚಯವಾದರೆ ಅವನೂ ಮೊದಲು ಅದನ್ನೇ ಹೇಳುತ್ತಿದ್ದ; ಹೆಸರು ಆಮೇಲೆ, ಮಾಡುವ ಕೆಲಸ ಅದಕ್ಕೂ ಆಮೇಲೆ. "ಮುಟ್ಟಿ ನೋಡಿ, ಕಲ್ಲು!" ಎಂದು ಸಿಕ್ಕಸಿಕ್ಕವರ ಮುಂದೆ ಮೀನಖಂಡ ಚಾಚುವ ಗಂಡಸು ನಲವತ್ತು ದಾಟಿದರೂ ಮದುವೆಯಾಗದೆ ಉಳಿದಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವಿರಲಿಲ್ಲ. ಸವಾರ ಎಂಬುದು ಬೀದಿಯವರು ಗೇಲಿಗೆ ಇಟ್ಟ ಹೆಸರು. ಅವನು ಅದನ್ನು ಬಿರುದು ಎಂದುಕೊಂಡು ಒಪ್ಪಿಕೊಂಡಿದ್ದ.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಫ್ರೇಮಿಗೆ ಗಾಜು ಕೂರಿಸುತ್ತಿದ್ದ. ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು ಸವೆಸುವುದು, ಫ್ರೇಮಿಗೆ ಇಟ್ಟು ನೋಡುವುದು, ಮತ್ತೆ ಸವೆಸುವುದು. ಕತ್ತು ಬಗ್ಗಿಸಿ ಕೂತರೆ ಮಧ್ಯಾಹ್ನವೇ ಎತ್ತಬೇಕು. ಅದಕ್ಕೇ ದಿನವೂ ಬೆಳಗಾಗುತ್ತಿದ್ದಂತೆ ಮೈಗೆ ಅಂಟುವ ಬಣ್ಣದ ಬಟ್ಟೆ ತೊಟ್ಟು ಸೈಕಲ್ ಗುಂಪಿನ ಜೊತೆ ಊರಾಚೆ ಓಡಿಬಿಡುತ್ತಿದ್ದ. ಗುಂಪಿಗೊಬ್ಬ ಕ್ಯಾಪ್ಟನ್. ಆತ ಹಲ್ಲಿನ ಡಾಕ್ಟರು; ಎಲ್ಲರ ಬಾಯಿಯೊಳಗೂ ಕೈ ಹಾಕಿದ್ದವನಾದ್ದರಿಂದ ಎದುರು ಮಾತಾಡುವವರು ಯಾರೂ ಇರಲಿಲ್ಲ. ವರ್ಷಕ್ಕೊಮ್ಮೆ ಗುಂಪೆಲ್ಲ ಸೇರಿ ಊರ ಹೊರಗಿನ ಗುಡ್ಡ ಹತ್ತುತ್ತಿತ್ತು. ತುದಿಯಲ್ಲಿ ಒಂದು ತಂತಿ ಗೋಪುರ, ಅಲ್ಲಿವರೆಗೆ ಬರೀ ತಿರುವು. ಪ್ರತಿ ವರ್ಷವೂ ಕ್ಯಾಪ್ಟನ್ ಮೊದಲು ಮುಟ್ಟುತ್ತಿದ್ದ, ಸವಾರ ಅವನ ಬೆನ್ನು ನೋಡುತ್ತಾ ಎರಡನೆಯವನಾಗಿ ಮುಟ್ಟುತ್ತಿದ್ದ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯಗಳು ಇರಬಹುದು ಎಂಬ ಅನುಮಾನ ಅವನಿಗೆ ಎಂದೂ ಬಂದಿರಲಿಲ್ಲ.

ಅವನ ಅಪ್ಪ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು, ಉಳಿದ ಅರ್ಧ ಜನರನ್ನು ಆ ಕಲಿತವರಿಂದ ಕಾಪಾಡಿದವರೂ ಅವರೇ. ಕಲಿಸುವ ಕಾರಿನಲ್ಲಿ ಕಲಿಯುವವನ ಕಾಲ ಬಳಿ ಒಂದು ಬ್ರೇಕಿದ್ದರೆ, ಪಕ್ಕದಲ್ಲಿ ಕೂತ ಮೇಷ್ಟ್ರ ಬಲಗಾಲ ಬಳಿ ಇನ್ನೊಂದು. ಆ ಕಾಲಿಗೆ ಒತ್ತುವುದು ಎಷ್ಟು ರೂಢಿಯಾಗಿತ್ತೆಂದರೆ ಬೇರೆಯವರ ಕಾರಿನಲ್ಲಿ ಕೂತರೂ ಒತ್ತುತ್ತಿದ್ದರು, ಬಸ್ಸಿನಲ್ಲಿ ಕೂತರೂ ಒತ್ತುತ್ತಿದ್ದರು. ಸಿನಿಮಾದಲ್ಲಿ ಕಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ದೃಶ್ಯ ಬಂದರೆ ಮುಂದಿನ ಸೀಟಿನವರು ಎದ್ದು ಬೇರೆ ಜಾಗ ಹುಡುಕಿಕೊಳ್ಳುತ್ತಿದ್ದರು.

ಆ ಕಾಲೇ ಕೈಕೊಟ್ಟಿತು. ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತಿದ್ದ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಸತ್ತಂತಾಯಿತು. ಆಸ್ಪತ್ರೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ಕೈ ಸ್ವಲ್ಪ ಏಳುತ್ತಿತ್ತು, ಮಂಡಿ ಸ್ವಲ್ಪ ಮಡಚುತ್ತಿತ್ತು, ಪಾದ ಮಾತ್ರ ಮಂಚದ ಮೇಲೆ ಯಾರೋ ಮರೆತು ಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ನಾಲಿಗೆ ಮೊದಲ ಕೆಲವು ದಿನ ತೊದಲಿತು. ಆಮೇಲೆ ಅಷ್ಟು ದಿನದ ಬಾಕಿಯನ್ನೆಲ್ಲ ಸೇರಿಸಿ ಆಡತೊಡಗಿತು.

ಕಾಲಿನ ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋ ಮೇಡಂ ಮಾತಿಗೆ ಸಕ್ಕರೆ ಬೆರೆಸುವವಳಲ್ಲ. ಮಂಚದ ಕಾಲ್ದೆಸೆಯ ಕಬ್ಬಿಣದ ಸರಳುಗಳಿಗೆ ಒಂದು ಫೋಮ್ ತುಂಡು ಕಟ್ಟಿ, ಅದಕ್ಕೆ ಮೇಷ್ಟ್ರ ಅಂಗಾಲು ತಾಗಿಸಿ, "ಒತ್ತಿ" ಎಂದಳು. ಮೇಷ್ಟ್ರು ಹಣೆಯಲ್ಲಿ ನರ ಎದ್ದು ಬರುವಂತೆ ಹೆಣಗಿದರು. ಪಾದ ಅಲ್ಲಾಡಲಿಲ್ಲ.

ಹೋಗುವಾಗ ಅವಳು ಬಾಗಿಲ ಬಳಿ ಸವಾರನಿಗೆ ಹೇಳಿದಳು: "ಪಾದ ತಾನಾಗಿ ಒಂದು ಸಲ ಒತ್ತಲಿ. ಆಮೇಲೆ ನಿಲ್ಲಿಸಿ ನಡೆಸೋ ಜವಾಬ್ದಾರಿ ನಂದು. ಹೀಗೇ ಬಿದ್ದಿದ್ರೆ ಬಿಗಿದುಕೊಂಡುಬಿಡುತ್ತೆ. ಆಗ ಗಾಲಿಕುರ್ಚಿನೇ ಗತಿ."

ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅಕ್ಕ ಬೇರೆ ಊರಿನಲ್ಲಿದ್ದಳು, ಆದರೆ ಸಲಹೆಗಳು ಫೋನಿನಲ್ಲಿ ದಿನವೂ ತಪ್ಪದೆ ಬರುತ್ತಿದ್ದವು. ಸವಾರ ಅಂಗಡಿಗೆ ಹೋದಾಗ ನೋಡಿಕೊಳ್ಳಲು ಹಗಲಿಗೊಬ್ಬ ಆಯಾ ಇದ್ದಳು. ಬೆಳಿಗ್ಗೆ, ಸಂಜೆ ಎಲ್ಲ ಅವನ ಪಾಲಿಗೆ. ಅಂದರೆ ಸೈಕಲ್ಲಿಗೆ ಇದ್ದ ಹೊತ್ತೆಲ್ಲ ಅಪ್ಪನಿಗೆ ಹೋಯಿತು. ಅಪ್ಪನಿಗೆ ಕಾಲು ಹೋದ ದುಃಖವೂ ತನ್ನ ಕಾಲು ಮೆತ್ತಗಾಗುತ್ತಿರುವ ದುಃಖವೂ ಅವನೊಳಗೆ ಅಕ್ಕಪಕ್ಕ ಕೂತಿದ್ದವು. ಯಾವುದು ದೊಡ್ಡದು ಎಂದು ಯಾರೂ ಕೇಳದೆ ಇದ್ದದ್ದು ಅವನ ಪುಣ್ಯ.

ಅಕ್ಕ ಒಂದು ದಿನ ಫೋನಿನಲ್ಲಿ, "ಅಪ್ಪನ ಔಷಧಿ ತಪ್ಪಿಸಬೇಡ, ಹಾಸಿಗೆ ಒದ್ದೆ ಇಡಬೇಡ, ಬೆನ್ನು ಹುಣ್ಣಾಗದ ಹಾಗೆ ಹೊರಳಿಸು, ನಿನ್ನ ಮೈನೂ ಸ್ವಲ್ಪ ನೋಡ್ಕೋ ಕಣೋ, ನೋಡ್ಕೊಳ್ಳೋನೇ ಬಿದ್ದುಹೋದ್ರೆ ಹೇಗೆ?" ಎಂದಳು. ಇಷ್ಟುದ್ದದ ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಕೊನೆಯ ತುಂಡು ಮಾತ್ರ. ಅಂದಿನಿಂದ ಮೈ ನೋಡಿಕೊಳ್ಳುವುದು ಕರ್ತವ್ಯವಾಯಿತು. ಬೆಡ್‌ಪ್ಯಾನ್ ಇಟ್ಟು ಕಾಯುವಾಗ ಬಸ್ಕಿ ಹೊಡೆದ. ನೀರು ಕಾಯುವವರೆಗೆ ಮೆಟ್ಟಿಲು ಹತ್ತಿ ಇಳಿದ. ಅಪ್ಪನನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವುದು ಒಂದು ಸಲದ ಕೆಲಸ. ಇವನು ಎತ್ತಿ, ಇಳಿಸಿ, ಮತ್ತೆ ಎತ್ತಿದ.

"ಇದೇನೋ ಇದು?" ಎಂದರು ಮೇಷ್ಟ್ರು, ಗಾಳಿಯಲ್ಲಿ ತೂಗಾಡುತ್ತಾ.

"ಸರಿಯಾಗಿ ಕೂರಿಸ್ತಿದೀನಿ ಅಪ್ಪ."

"ಕೂರಿಸೋನು ಬಾಯಲ್ಲಿ ಎಣಿಸಲ್ಲ. ಇಳಿಸು ನನ್ನ."

ಇಷ್ಟೆಲ್ಲ ಮಾಡಿದರೂ ಪ್ಯಾಂಟು ಸೊಂಟದಲ್ಲಿ ಬಿಗಿಯಾಯಿತು, ಅಂಗಡಿಯ ಮೆಟ್ಟಿಲಲ್ಲಿ ಉಸಿರು ಮೇಲಕ್ಕೆ ಬಂತು. ಆಗ ಕ್ಯಾಪ್ಟನ್ ಕರುಣೆ ತೋರಿಸಿದ. ಆತ ಹೊಸ ಯಂತ್ರ ಕೊಂಡಿದ್ದ, ಹಳೆಯದು ಮನೆಯಲ್ಲಿ ದಾರಿಗಡ್ಡವಾಗಿತ್ತು, ಕರುಣೆಗೆ ಅಷ್ಟು ಸಾಕು, ಅದನ್ನು ಸವಾರನಿಗೆ ಎರವಲು ಕೊಟ್ಟ. ಸೈಕಲ್ಲಿನ ಹಿಂದಿನ ಚಕ್ರವನ್ನು ಸ್ಟ್ಯಾಂಡಿನಲ್ಲಿ ಸಿಕ್ಕಿಸಿ ನಿಂತಲ್ಲೇ ತುಳಿಯುವ ಯಂತ್ರ ಅದು. ಟೀವಿಗೆ ತಂತಿ ಜೋಡಿಸಿದರೆ ಪರದೆಯಲ್ಲಿ ರಸ್ತೆ ಕಾಣುತ್ತಿತ್ತು. ತುಳಿದಷ್ಟೂ ರಸ್ತೆ ಓಡುತ್ತಿತ್ತು, ಬ್ರೇಕ್ ಹಿಡಿದರೆ ನಿಧಾನವಾಗುತ್ತಿತ್ತು, ಮುಂದಿನ ಚಕ್ರದ ಕೆಳಗಿನ ತಟ್ಟೆಯಿಂದಾಗಿ ಹ್ಯಾಂಡಲ್ ತಿರುಗಿಸಿದತ್ತ ತಿರುಗುತ್ತಿತ್ತು. ವೇಗ ಹೆಚ್ಚಾಗಿ ತಿರುವು ತಪ್ಪಿದರೆ ಪರದೆಯ ಸವಾರ ಕಂದಕಕ್ಕೆ ಬೀಳುತ್ತಿದ್ದ. ಬಿದ್ದವನು ಅರೆಗಳಿಗೆಯಲ್ಲಿ ಮೈ ಕೊಡವಿಕೊಂಡು ರಸ್ತೆಗೆ ಬರುತ್ತಿದ್ದ; ಆಸ್ಪತ್ರೆ, ಫಿಸಿಯೋ ಮೇಡಂ, ಅಕ್ಕನ ಫೋನು ಯಾವುದರ ತೊಂದರೆಯೂ ಅವನಿಗಿರಲಿಲ್ಲ.

ಮನೆಯಲ್ಲಿದ್ದ ಒಂದೇ ಟೀವಿ ಅಪ್ಪನ ಕೋಣೆಯಲ್ಲಿತ್ತು. ಅಪ್ಪನನ್ನು ಒಬ್ಬರನ್ನೇ ಬಿಡುವಂತೆಯೂ ಇರಲಿಲ್ಲ. ಹಾಗಾಗಿ ಯಂತ್ರ ಮಂಚದ ಪಕ್ಕಕ್ಕೇ ಬಂತು. ಮೇಷ್ಟ್ರ ವಾರ್ತೆ ನಿಂತಿತು, ಗಿರ್ ಎನ್ನುವ ಸದ್ದು ಶುರುವಾಯಿತು. ಮಗನ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಫ್ಯಾನು ಯಾರ ಕಡೆ ತಿರುಗಿರಬೇಕು ಎಂಬ ಬಗ್ಗೆ ದಿನವೂ ಮಾತುಕತೆ ನಡೆದು ದಿನವೂ ಮುರಿದುಬೀಳುತ್ತಿತ್ತು.

ಮೇಷ್ಟ್ರು ಸುಮ್ಮನೆ ಮಲಗುವ ಜೀವವಲ್ಲ. ಎರಡನೇ ದಿನದಿಂದಲೇ ಪಾಠ ಆರಂಭವಾಯಿತು.

"ತಿರುಗೋ ಮೊದಲು ಕೈ ತೋರಿಸಿದ್ಯಾ?"

"ಯಾರಿಗೆ ತೋರಿಸ್ಲಿ ಅಪ್ಪ? ರಸ್ತೆಲಿ ನಾನೊಬ್ಬನೇ."

"ಹಿಂದೆ ತಿರುಗಿ ನೋಡದೆ ನಿನಗೆ ಹೇಗೆ ಗೊತ್ತು ಒಬ್ಬನೇ ಅಂತ?"

ಸವಾರ ಹಿಂದೆ ತಿರುಗಿ ನೋಡಿದ. ಬಟ್ಟೆಯ ಬೀರು ಇತ್ತು. ಆದರೂ ಅವನು ತಪ್ಪಿಲ್ಲದೆ ಓಡಿಸುತ್ತಿದ್ದ. ತಿರುವಿಗೆ ಮುಂಚೆ ಬ್ರೇಕ್, ತಿರುವಿನಲ್ಲಿ ಸಲೀಸು, ದಾಟಿದ ಮೇಲೆ ವೇಗ. ಅಪ್ಪನಿಗೆ ಬೈಯಲು ಏನೂ ಸಿಗದ ಹಾಗೆ ಓಡಿಸುವುದೇ ಅವನ ಸೇಡು. ಮೇಷ್ಟ್ರು ಮುಖ ಊದಿಸಿಕೊಂಡು ಮಲಗಿರುತ್ತಿದ್ದರು, ಪಾದವೂ ಹಾಗೆಯೇ.

ಒಂದು ಸಂಜೆ ಅವನು ಪರದೆಯ ಬೆಟ್ಟದಿಂದ ಇಳಿಯುತ್ತಿದ್ದಾಗ ಅಕ್ಕನ ಫೋನು ಬಂತು. ತೆಗೆಯದಿದ್ದರೆ ಇನ್ನೂ ಹತ್ತು ಸಲ ಬರುತ್ತದೆಂದು ಗೊತ್ತಿದ್ದ ಅವನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ತುಳಿಯುತ್ತಲೇ ಇದ್ದ. ಮುಂದೆ ಕತ್ತರಿಯಂಥ ತಿರುವು. ಇವನು ಅಕ್ಕನಿಗೆ "ಹೂಂ, ಮಾತ್ರೆ ಕೊಟ್ಟೆ" ಎನ್ನುತ್ತಿದ್ದ.

"ಬ್ರೇಕ್!" ಎಂದು ಕೋಣೆ ನಡುಗುವಂತೆ ಕೂಗಿದರು ಮೇಷ್ಟ್ರು. ಅದೇ ಹೊತ್ತಿಗೆ ಮಂಚದ ಕಾಲ್ದೆಸೆಯ ಸರಳು ಠಣ್ ಎಂದಿತು.

ಸವಾರ ಪರದೆಯಲ್ಲಿ ಕಂದಕಕ್ಕೆ ಬಿದ್ದ. ಬಿದ್ದವನು ತಿರುಗಿ ನೋಡಿದರೆ, ಫೋಮ್ ತುಂಡು ಅಪ್ಪನ ಬಲಪಾದದ ಅಡಿಯಲ್ಲಿ ಚಪ್ಪಟೆಯಾಗಿ, ನಿಧಾನವಾಗಿ ಉಬ್ಬಿ ಮೊದಲಿನಂತಾಗುತ್ತಿತ್ತು.

"ಅಪ್ಪಾ! ಕಾಲು!"

"ನನ್ನ ಕಾಲು ಹಾಗಿರಲಿ, ನಿನ್ನ ಕಣ್ಣೆಲ್ಲಿತ್ತು? ಒಂದು ಕೈಯಲ್ಲಿ ಫೋನಂತೆ! ನಿನ್ನಂಥೋನು ನನ್ನ ಹತ್ರ ಕಲಿಯೋಕೆ ಬಂದಿದ್ರೆ ಅಲ್ಲೇ ಇಳಿಸಿ ಮನೆಗೆ ಕಳಿಸ್ತಿದ್ದೆ."

"ಅಪ್ಪ, ಒತ್ತಿದ್ರಿ ಈಗ! ಇನ್ನೊಂದು ಸಲ ಒತ್ತಿ!"

ಮೇಷ್ಟ್ರು ಮಗನ ಮುಖ ನೋಡಿದರು, ಕಾಲು ನೋಡಿದರು, ಹಲ್ಲು ಕಚ್ಚಿ ಹೆಣಗಿದರು. ಪಾದ ಹೆಣದ ಹಾಗೆ ಬಿದ್ದಿತ್ತು. "ನಿನಗೆ ಭ್ರಮೆ," ಎಂದು ಗೋಡೆಯ ಕಡೆ ತಿರುಗಿಕೊಂಡರು. ಫೋನಿನೊಳಗಿಂದ ಅಕ್ಕ ಇನ್ನೂ ಮಾತ್ರೆಯ ಬಗ್ಗೆಯೇ ಮಾತಾಡುತ್ತಿದ್ದಳು.

ಮರುದಿನ ಫಿಸಿಯೋ ಮೇಡಂ ಇದನ್ನು ಕೇಳಿ ಕೈಚೀಲ ಕೆಳಗಿಟ್ಟಳು. ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು: "ಹೀಗಾಗೋದುಂಟು. ಬೇಕು ಅಂದ್ರೆ ಬರದ ಕಾಲು ಅಭ್ಯಾಸಬಲಕ್ಕೆ ಬಂದುಬಿಡುತ್ತೆ. ನೆನ್ನೆ ಏನು ಮಾಡಿದ್ರೋ ಅದನ್ನೇ ದಿನಾ ಮಾಡಿ."

"ನೆನ್ನೆ ನಾನು ಮಾಡಿದ್ದು ತಪ್ಪು ಮೇಡಂ."

"ಹಾಗಾದ್ರೆ ದಿನಾ ತಪ್ಪು ಮಾಡಿ. ಅವರಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಕಾಲಿನ ಮೇಲೇ ಗಮನ ಇಟ್ಟು ಒತ್ತೋಕೆ ಹೋಗ್ತಾರೆ, ಆಗ ಮತ್ತೆ ಬರದೇ ಹೋಗಬಹುದು."

ಸವಾರನ ಬದುಕಿನಲ್ಲಿ ಯಾರೂ ಅವನಿಂದ ಇಷ್ಟು ದೊಡ್ಡ ತ್ಯಾಗ ಕೇಳಿರಲಿಲ್ಲ. ಹೊರಳಿಸು ಎಂದಾಗ ಹೊರಳಿಸಿದ್ದ, ತೊಳೆ ಎಂದಾಗ ತೊಳೆದಿದ್ದ. ಆದರೆ ಕೆಟ್ಟದಾಗಿ ಸೈಕಲ್ ಹೊಡಿ ಎಂದರೆ? ಅದೂ ಅಪ್ಪನ ಕಣ್ಣೆದುರು? ಆ ಸಂಜೆ ಅವನು ಯಂತ್ರ ಹತ್ತುವಾಗ ಮುಖ ಹುಳ್ಳಗಿತ್ತು.

ಆದರೆ ನೀರಿಗಿಳಿದವನಿಗೆ ಚಳಿಯೇನು, ಕಂದಕಕ್ಕಿಳಿದವನಿಗೆ ನಾಚಿಕೆಯೇನು. ತಿರುವಿನಲ್ಲಿ ಶಿಳ್ಳೆ ಹಾಕಿದ. ಇಳಿಜಾರಿನಲ್ಲಿ ಕೈ ಬಿಟ್ಟು ಮೈ ಮುರಿದ. ಪರದೆಯಲ್ಲಿ ಎದುರಿನಿಂದ ಲಾರಿ ಬರುವಾಗ ಬಗ್ಗಿ ಶೂ ಲೇಸು ಕಟ್ಟಿಕೊಂಡ. "ಬ್ರೇಕ್! ಬ್ರೇಕೋ ಮುಠ್ಠಾಳ!" ಎಂದು ಮೇಷ್ಟ್ರು ಕೂಗುತ್ತಿದ್ದರು, ಸರಳು ಠಣ್ ಎನ್ನುತ್ತಿತ್ತು, ಸವಾರ ಓರೆಗಣ್ಣಿನಲ್ಲಿ ಫೋಮ್ ನೋಡುತ್ತಿದ್ದ. ಮೊದಮೊದಲು ಸಂಜೆಗೆ ಒಂದೆರಡು ಸಲ ಠಣ್ ಎಂದರೆ ಹೆಚ್ಚು. ಬರುಬರುತ್ತಾ ತಿರುವಿಗೊಂದು. ಆಮೇಲೆ ಅವನು ತಪ್ಪು ಮಾಡುವ ಮೊದಲೇ ಪಾದ ತಯಾರಾಗಿ ನಿಲ್ಲತೊಡಗಿತು. ಫಿಸಿಯೋ ಮೇಡಂ ಮೇಷ್ಟ್ರನ್ನು ಎರಡು ಕಡೆ ಹಿಡಿದು ಎಬ್ಬಿಸಿ ನಿಲ್ಲಿಸಿದ ದಿನ ಸವಾರ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ. ಹೊರಗೆ ಬಂದು, ಕಣ್ಣಿಗೆ ಸೋಪು ಹೋಯಿತು ಎಂದ.

ಅಪ್ಪ ಮಾತ್ರ ಬಂದವರಿಗೆಲ್ಲ ಮಗನ ಗತಿ ಹೇಳಿಕೊಂಡು ಕೊರಗುತ್ತಿದ್ದರು. "ನನಗೆ ಲಕ್ವ ಹೊಡೀತು ಸರಿ. ಇವನಿಗೇನಾಗಿದೆ? ದಿನದಿಂದ ದಿನಕ್ಕೆ ಹಾಳಾಗ್ತಿದಾನೆ."

ಇದು ಬೀದಿಗೆ ಗೊತ್ತಾಯಿತು. ಬೀದಿಯಿಂದ ಗುಂಪಿಗೆ ಗೊತ್ತಾಯಿತು. ಕ್ಯಾಪ್ಟನ್ ಮೇಷ್ಟ್ರನ್ನು ನೋಡುವ ನೆಪದಲ್ಲಿ ಒಂದು ಸಂಜೆ ಬಂದ. ಸವಾರ ನೇರ ರಸ್ತೆಯಲ್ಲಿ ಹೋಗಿ ಮರಕ್ಕೆ ಗುದ್ದುವುದನ್ನೂ, ಅಪ್ಪ ಅವನ ಕಿವಿ ಕೆಂಪಾಗುವಂತೆ ಉಗಿಯುವುದನ್ನೂ ಕಣ್ತುಂಬ ನೋಡಿದ. ಹೊರಡುವಾಗ ಸವಾರನ ಹೆಗಲ ಮೇಲೆ ಕೈಯಿಟ್ಟ. ಹಲ್ಲು ಕೀಳುವ ಮೊದಲು ರೋಗಿಗಳ ಹೆಗಲ ಮೇಲೆ ಇಡುವ ಕೈ ಅದು.

"ಈ ವರ್ಷ ಗುಡ್ಡಕ್ಕೆ ರೆಸ್ಟ್ ತಗೋಪ್ಪ. ಬರಲೇಬೇಕು ಅನ್ಸಿದ್ರೆ ಹಿಂದಿನ ವ್ಯಾನಲ್ಲಿ ಬಾ. ನೀರಿನ ಬಾಟ್ಲಿ ಹಂಚೋಕೆ ಯಾರಾದ್ರೂ ಬೇಕಲ್ಲ."

ನಿಜ ಹೇಳಬೇಕೆಂದರೆ ಸವಾರನ ಕಾಲುಗಳು ಹಿಂದೆಂದೂ ಇಷ್ಟು ಗಟ್ಟಿಯಾಗಿರಲಿಲ್ಲ. ದಿನವೂ ತಪ್ಪದೆ ತುಳಿದಿದ್ದ, ಅದೂ ಬೈಗುಳದ ನಡುವೆ. ಅವನು ಆಗಲೇ ಅಕ್ಕನಿಗೆ ಫೋನ್ ಮಾಡಿದ. ಗುಡ್ಡದ ಸವಾರಿಯ ದಿನ ಬಂದು ಅಪ್ಪನನ್ನು ನೋಡಿಕೋ ಎಂದು ಬೇಡಿದ. ಅಕ್ಕ ಹತ್ತು ಷರತ್ತು ಹಾಕಿ, ಹನ್ನೊಂದನೆಯದನ್ನು ಆಮೇಲೆ ಹೇಳುತ್ತೇನೆಂದು ಒಪ್ಪಿಕೊಂಡಳು.

ಒಪ್ಪದವರು ಮೇಷ್ಟ್ರು. ಅಕ್ಕ ಬಂದಿಳಿದು ಚೀಲ ಇಡುತ್ತಿದ್ದಂತೆಯೇ ಘೋಷಿಸಿದರು: "ಇವನನ್ನ ಗುಡ್ಡಕ್ಕೆ ಕಳಿಸೋದಿಲ್ಲ. ಇವನಿಗೆ ಬ್ರೇಕ್ ಅನ್ನೋದೇ ಮರೆತುಹೋಗಿದೆ. ಹತ್ತೋದೇನೋ ಹತ್ತುತಾನೆ, ಇಳೀವಾಗ ಸತ್ತೇ ಹೋಗ್ತಾನೆ."

"ಹೌದೇನೋ?" ಎಂದಳು ಅಕ್ಕ, ಕಣ್ಣು ಇಷ್ಟಗಲ ಮಾಡಿ.

ಸವಾರ ಬಾಯಿ ತೆರೆದ. ಬೇಕಂತಲೇ ಬೀಳುತ್ತಿದ್ದೇನೆ ಎಂದರೆ ಗುಡ್ಡಕ್ಕೆ ಹೋಗಬಹುದು, ಆದರೆ ಅಪ್ಪನ ಕಾಲು? ಮೇಡಂ ಇನ್ನೂ ಸ್ವಲ್ಪ ದಿನ ಬಾಯಿ ಬಿಡಬೇಡಿ ಎಂದಿದ್ದಳು. ಅಪ್ಪನಿಗೆ ನಿಂತುಕೊಳ್ಳಲು ಬಂದಿತ್ತು, ಹೆಜ್ಜೆ ಇನ್ನೂ ಬಂದಿರಲಿಲ್ಲ. ಅವನು ಬಾಯಿ ಮುಚ್ಚಿದ. ಊರಿನಲ್ಲೆಲ್ಲ ಅತ್ಯಂತ ಚೆನ್ನಾಗಿ ಸೈಕಲ್ ತುಳಿಯುವವನು ತನಗೆ ಸೈಕಲ್ ಬರುವುದಿಲ್ಲ ಎಂದು ಒಪ್ಪಿಕೊಂಡು ನಿಂತಿದ್ದ.

ಮೇಷ್ಟ್ರಿಗೆ ಮಗನ ಮುಖ ನೋಡಿ ಏನನ್ನಿಸಿತೋ, ಸ್ವಲ್ಪ ಇಳಿದರು. "ಆಯ್ತು. ಟೆಸ್ಟ್ ತಗೋತೀನಿ. ಆ ಪರದೆ ಬೆಟ್ಟ ಮೇಲಿಂದ ಕೆಳಗಿನವರೆಗೆ ಇಳಿ. ಒಂದು ತಪ್ಪೂ ಇರಬಾರದು. ಪಾಸಾದ್ರೆ ನಾಳೆ ಹೋಗು. ಫೇಲಾದ್ರೆ ಬಾಯಿ ಮುಚ್ಕೊಂಡು ಮನೇಲಿರು."

ಅಕ್ಕ ಕುರ್ಚಿ ಎಳೆದುಕೊಂಡು ಸಾಕ್ಷಿಗೆ ಕೂತಳು. ಸವಾರ ಹತ್ತಿದ. ಮೊದಲ ತಿರುವನ್ನು ಬೆಣ್ಣೆಯಲ್ಲಿ ಚಾಕು ಇಳಿಸಿದ ಹಾಗೆ ದಾಟಿದ. ಎರಡನೆಯದು, ಮೂರನೆಯದು. ಕೈ ತೋರಿಸಿದ, ಹಿಂದೆ ತಿರುಗಿ ಬೀರುವನ್ನು ನೋಡಿದ, ಬ್ರೇಕ್ ಹಿಡಿದ. ಎಷ್ಟೋ ದಿನಗಳಿಂದ ಕಟ್ಟಿಹಾಕಿದ್ದ ಮೈ ಬಿಚ್ಚಿಕೊಂಡಂತಾಗಿ ಅವನಿಗೆ ನಿಜವಾಗಿಯೂ ಖುಷಿಯಾಯಿತು. "ಅರೆ, ಚೆನ್ನಾಗೇ ಓಡಿಸ್ತಾನಲ್ಲ!" ಎಂದಳು ಅಕ್ಕ.

ಅಭ್ಯಾಸದಂತೆ ಸವಾರನ ಓರೆಗಣ್ಣು ಫೋಮ್ ಕಡೆ ಹೋಯಿತು. ಅಪ್ಪನ ಪಾದ ಅಲ್ಲಿ ಸುಮ್ಮನೆ ಬಿದ್ದಿತ್ತು. ತಪ್ಪಿಲ್ಲದ ಸವಾರಿಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಮೊದಲ ದಿನಗಳಲ್ಲಿ ಬಿದ್ದಿರುತ್ತಿತ್ತಲ್ಲ, ಹಾಗೆಯೇ. ಇವತ್ತು ಪಾಸಾದರೆ ನಾಳೆಯಿಂದ ಮತ್ತೆ ಬೀಳುವುದು ಹೇಗೆ? ಬಿದ್ದರೂ ಅಪ್ಪ ನಂಬುತ್ತಾರೆಯೇ? ಕ್ಯಾಪ್ಟನ್ನನ ಬೆನ್ನು ಒಂದು ಸಲ ಕಣ್ಣ ಮುಂದೆ ಬಂತು. ಹಾಳಾಗಿ ಹೋಗಲಿ ಎಂದುಕೊಂಡ. ಕೊನೆಯ ತಿರುವು ಬಂದಾಗ ಬ್ರೇಕಿನಿಂದ ಬೆರಳು ತೆಗೆದ.

ಪರದೆಯ ಸವಾರ ಕಂದಕಕ್ಕೆ ಹಾರಿದ. ಅಕ್ಕ ಅಯ್ಯೋ ಎಂದಳು. ಸವಾರ ಠಣ್ ಎನ್ನುವುದಕ್ಕೆ ಕಿವಿಗೊಟ್ಟು ಕೂತ.

ಸದ್ದಾಗಲಿಲ್ಲ. ಮೇಷ್ಟ್ರು ಕೂಗಲೂ ಇಲ್ಲ. ಫೋಮ್ ಉಬ್ಬಿಕೊಂಡೇ ಇತ್ತು.

"ಅಪ್ಪ, ಯಾಕೆ ಒತ್ತಲಿಲ್ಲ?" ಎಂದು ಸವಾರ ಕೇಳಿಯೇಬಿಟ್ಟ.

"ನೀನು ಯಾಕೆ ಬಿದ್ದೆ?"

"ತಪ್ಪಾಯ್ತು. ಬ್ರೇಕ್ ಸಿಗಲಿಲ್ಲ."

"ಸುಳ್ಳು ಬೊಗಳಬೇಡ," ಎಂದರು ಮೇಷ್ಟ್ರು. ದನಿಯಲ್ಲಿ ಕೋಪವಿರಲಿಲ್ಲ. "ಬರದೇ ಬೀಳೋನು ಬೀಳೋ ಮೊದಲು ಹ್ಯಾಂಡಲ್‌ನ ಜೀವ ಹೋಗೋ ಹಾಗೆ ಹಿಡ್ಕೋತಾನೆ. ನೀನು ಸಡಿಲ ಬಿಟ್ಟು ಬೀಳ್ತೀಯ. ದಿನಾ ಹಾಗೇ ಬೀಳ್ತೀಯ. ನನ್ನ ಪಕ್ಕದಲ್ಲಿ ಕೂತು ಎಷ್ಟು ಜನ ಗೋಡೆಗೆ ಗುದ್ದಿದಾರೆ ಅಂತ ಲೆಕ್ಕ ಇದೆಯಾ? ನನಗೆ ತಿಳಿಯಲ್ವಾ?"

ಸವಾರನಿಗೆ ತುಳಿಯುವುದು ಮರೆತುಹೋಯಿತು. ಗಿರ್ ಎನ್ನುತ್ತಿದ್ದ ಚಕ್ರ ನಿಧಾನವಾಗಿ ನಿಂತಿತು. "ಯಾವಾಗಿಂದ ಗೊತ್ತು?"

"ಮೊದಮೊದಲು ಗೊತ್ತಾಗಲಿಲ್ಲ. ಕಾಲು ತಾನಾಗೇ ಹೋಗ್ತಿತ್ತು. ನೀನು ಲಾರಿ ಎದುರಿಗೆ ಬಂದಾಗ ಲೇಸು ಕಟ್ಟಿದೆಯಲ್ಲ, ಅವತ್ತು ಗೊತ್ತಾಯ್ತು. ಅಷ್ಟು ದಡ್ಡ ನನ್ನ ಹೊಟ್ಟೇಲಿ ಹುಟ್ಟಿರೋಕೆ ಸಾಧ್ಯ ಇಲ್ಲ."

"ಮತ್ತೆ ಆಮೇಲೂ ಒತ್ತುತ್ತಾ ಇದ್ರಲ್ಲ?"

ಪರದೆಯಲ್ಲಿ ಏನೂ ನಡೆಯುತ್ತಿರಲಿಲ್ಲ, ಯಾರೂ ಬೀಳುತ್ತಿರಲಿಲ್ಲ. ಮೇಷ್ಟ್ರು ಮಂಚದ ಅಂಚು ಹಿಡಿದುಕೊಂಡು, ಪಾದದ ಕಡೆ ನೋಡುತ್ತಾ, ಒತ್ತಿದರು. ಸರಳು ಠಣ್ ಎಂದಿತು. ಬಿಟ್ಟು, ಇನ್ನೊಮ್ಮೆ ಒತ್ತಿದರು. ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಬಾಯಿ ಮುಚ್ಚಿದ್ದನ್ನು ಆ ಮನೆ ಬಹಳ ವರ್ಷಗಳ ಮೇಲೆ ಕಂಡಿತು.

"ಹಾಗಾದ್ರೆ ನನ್ನ ಗುಡ್ಡಕ್ಕೆ ಬೇಡ ಅಂದಿದ್ದು ಯಾಕೆ?" ಎಂದ ಸವಾರ. ಈಗ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಆ ಹಲ್ಲು ಕೀಳೋನು ನನ್ನ ಬಾಟ್ಲಿ ಹಂಚು ಅಂದ ಅಪ್ಪ!"

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಗೋಡೆಗೆ ಹೇಳುವವರಂತೆ ಹೇಳಿದರು: "ನೀನು ಗುಡ್ಡ ಹತ್ತಿ ಬಂದೆ, ನನ್ನ ಕಾಲೂ ಬಂತು ಅಂದ್ರೆ ಈ ಯಂತ್ರ ವಾಪಸ್ ಕೊಡ್ತೀಯ. ಬೆಳಗಾದ್ರೆ ಮತ್ತೆ ಹೊರಗೆ. ಒಂದೇ ಮನೇಲಿ ಇಷ್ಟು ವರ್ಷ ಇದ್ವಿ. ನೀನು ಹೋಗೋ ಸದ್ದು ಕೇಳ್ತಿತ್ತು, ಬೆವರು ಒರೆಸ್ಕೊಂಡು ಬರೋದು ಕಾಣ್ತಿತ್ತು, ಅಷ್ಟೇ. ನಿನ್ನ ಪಕ್ಕದಲ್ಲಿ ಕೂತು ಕಲಿಸಿದ್ದು ಅಂದ್ರೆ ಈಗಲೇ. ನನಗದು ಬೇಕಾಗಿತ್ತು ಕಣೋ."

ಗೇಲಿ ಮಾಡುವುದು ಸವಾರನಿಗೂ ಗೊತ್ತಿತ್ತು, ಆ ಮನೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೆ ಅವನು ಸೈಕಲ್ಲಿನಿಂದ ಇಳಿದು, ಒದ್ದೆ ಮೈಯಲ್ಲೇ ಮಂಚದ ಅಂಚಿಗೆ ಕೂತು, ಅಪ್ಪನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಪಾದ ಬೆಚ್ಚಗಿತ್ತು.

"ಹಾಸಿಗೆ ಒದ್ದೆಯಾಗುತ್ತೆ, ಏಳು," ಎಂದರು ಮೇಷ್ಟ್ರು. "ನಾಳೆ ಹೋಗು. ಪಾಸ್ ಮಾಡಿದೀನಿ. ಅಲ್ಲಿ ಪಕ್ಕದಲ್ಲಿ ನಾನಿರಲ್ಲ, ಬ್ರೇಕ್ ನೀನೇ ಹಾಕ್ಕೋಬೇಕು."

ಮರುದಿನ ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ ಸವಾರ ಕ್ಯಾಪ್ಟನ್ನನ ಬೆನ್ನು ಹಿಡಿದ, ಮುಕ್ಕಾಲು ದಾರಿಯಲ್ಲಿ ತನ್ನ ಬೆನ್ನು ತೋರಿಸಿದ. ತಂತಿ ಗೋಪುರದ ಬುಡದಲ್ಲಿ ಕ್ಯಾಪ್ಟನ್ ಏದುಸಿರು ಬಿಡುತ್ತಾ, ಗಾಳಿ ಎದುರಿಗಿತ್ತು ಎಂದ. ಗಾಳಿ ಸವಾರನಿಗೆ ಯಾವ ಕಡೆಯಿಂದ ಬೀಸಿತ್ತೋ ಹೇಳಲಿಲ್ಲ. ಸವಾರ ಈ ಗಳಿಗೆಗಾಗಿ ವರ್ಷಗಟ್ಟಲೆ ಕಾದಿದ್ದ. ಬಂದಾಗ ನೋಡಿದರೆ ಅದು ಅಂಗೈಯಗಲವೂ ಇರಲಿಲ್ಲ. ಅವನಿಗೆ ಮನೆಗೆ ಹೋಗಬೇಕೆನಿಸಿತು.

ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ಹಾಕಿದ. ಕೈ ತೋರಿಸಿದ, ತಿರುಗಿ ನೋಡಿದ. ಗುಂಪೆಲ್ಲ ಅವನನ್ನು ದಾಟಿ ಹೋಯಿತು, ಹಿಂದಿನ ವ್ಯಾನೂ ಹಾರ್ನ್ ಹೊಡೆದು ದಾಟಿ ಹೋಯಿತು. ಗುಡ್ಡದ ಬುಡಕ್ಕೆ ಅವನು ಎಲ್ಲರಿಗಿಂತ ಕೊನೆಗೆ ಬಂದ.

ಮನೆಗೆ ಬಂದಾಗ ಬಾಗಿಲು ತೆಗೆದ ಅಕ್ಕ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು: "ಈಗ ಇಳೀತಿರ್ತಾನೆ, ಈಗ ಇಳೀತಿರ್ತಾನೆ ಅಂತ ಬೆಳಿಗ್ಗೆಯಿಂದ ಒತ್ತಿದ್ದೇ ಒತ್ತಿದ್ದು. ಫೋಮು ಹರಿದುಹೋಗಿದೆ ನೋಡು."

"ವ್ಯಾಯಾಮ ಮಾಡ್ತಿದ್ದೆ," ಎಂದು ಒಳಗಿನಿಂದ ಮೇಷ್ಟ್ರು ಗದರಿದರು. ಕಿವಿ ಚುರುಕಾಗಿಯೇ ಇತ್ತು. "ಯಾಕಿಷ್ಟು ತಡ?"

"ಬ್ರೇಕ್ ಹಾಕ್ಕೊಂಡು ಬಂದೆ ಅಪ್ಪ."

ಸಂಜೆ ಸವಾರ ಹರಿದ ಫೋಮ್ ತೆಗೆದು, ತನ್ನ ಹಳೆಯ ಸೈಕಲ್ ಸೀಟಿನ ಮೆತ್ತೆಯನ್ನು ಸರಳಿಗೆ ಕಟ್ಟಿದ. ಅಪ್ಪನ ಅಂಗಾಲು ಅದಕ್ಕೆ ತಾಗಿಸಿದ. ಫ್ಯಾನು ಅಪ್ಪನ ಕಡೆ ತಿರುಗಿಸಿದ. ಯಂತ್ರ ಹತ್ತಿ ಬೆಟ್ಟದ ತುದಿಯಿಂದ ಇಳಿಯತೊಡಗಿದ.

"ಇನ್ನು ನಾಟಕ ಸಾಕು. ಸರಿಯಾಗಿ ಓಡಿಸು," ಎಂದರು ಮೇಷ್ಟ್ರು.

"ಹೂಂ," ಎಂದ ಸವಾರ. ಮೊದಲ ತಿರುವು ಬಂತು. ಇಬ್ಬರೂ ಒಟ್ಟಿಗೆ ಬ್ರೇಕ್ ಹಾಕಿದರು.